ನಡುಬೆನ್ನಿನ ಸಾಲು

ತಲೆ ತ್ರಿಕೋನವಾಗಿದ್ದರೆ ವಿಷದ ಹಾವು ಎಂಬ ಸೂತ್ರವನ್ನು ನಮಗೆ ಯಾರು ಕಲಿಸಿದರೋ. ಹೆಬ್ಬಾವಿನ ತಲೆ ಚೊಕ್ಕ ತ್ರಿಕೋನ, ವಿಷ ಒಂದು ಹನಿಯೂ ಇಲ್ಲ. ಕಡುವಿಷದ ಕಡಂಬಳದ ತಲೆಯೋ ಕತ್ತಿಗಿಂತ ತುಸುವೇ ಅಗಲ, ಕಣ್ಣು ಕರಿ ಸಾಸಿವೆ. ನೋಡಿದರೆ ಪಾಪ ಅನ್ನಿಸಬೇಕು. ಕೆಂಪು ಪಟ್ಟಿಗೆ ಹಳದಿ ತಾಗಿದ್ದರೆ ಹವಳಹಾವು ಎಂದು ಅಮೆರಿಕದಲ್ಲಿ ಮಕ್ಕಳಿಗೂ ಪ್ರಾಸ ಕಟ್ಟಿ ಕಲಿಸುತ್ತಾರೆ; ದಕ್ಷಿಣ ಅಮೆರಿಕಕ್ಕೆ ಹೋದರೆ ಆ ಪ್ರಾಸ ನಂಬಿ ಕೆಟ್ಟಂತೆ.

ನನ್ನನ್ನು ಕೇಳಿದರೆ, ಕಡಂಬಳವನ್ನೂ ತೋಳಹಾವನ್ನೂ ಬೇರ್ಪಡಿಸಬಲ್ಲವರು ಅರ್ಧ ವಿದ್ಯೆ ಕಲಿತಂತೆ. ಎರಡಕ್ಕೂ ಗಾಢ ಮೈ, ಬಿಳಿ ಪಟ್ಟಿ. ಎರಡೂ ರಾತ್ರಿ ಓಡಾಡುವವು, ಮನೆಯೊಳಗೂ ಬರುವವು. ಹಲ್ಲಿಯ ಆಸೆಗೆ ಗೋಡೆ ಹತ್ತುವ ತೋಳಹಾವಿಗೆ (ಮುಂದಿನ ಹಲ್ಲು ದೊಡ್ಡದಾದ್ದರಿಂದ ಆ ಹೆಸರು, ವಿಷವಿಲ್ಲ) ಪಟ್ಟಿ ಕುತ್ತಿಗೆಯಲ್ಲೇ ಶುರುವಾಗಿ ಬಾಲದ ಕಡೆಗೆ ಮಾಸುತ್ತದೆ. ಬೆಳೆದ ಕಡಂಬಳದಲ್ಲಿ ತಿರುವುಮುರುವು: ಕುತ್ತಿಗೆಯ ಬಳಿ ಖಾಲಿ ಅಥವಾ ಬರೀ ಚುಕ್ಕಿ, ಹಿಂದೆ ಹೋದಂತೆ ಪಟ್ಟಿ ಸ್ಪಷ್ಟ, ಹಲವು ಕಡೆ ಜೋಡಿಜೋಡಿ. ಮರಿಯಲ್ಲಿ ಇದೂ ಕೈಕೊಡುತ್ತದೆ, ಅದರ ಗುರುತು ತಲೆಯ ಹತ್ತಿರದವರೆಗೂ ಇರುತ್ತದೆ. ಹಾಗಾಗಿ ನಾನು ನೆಚ್ಚುವುದು ನಡುಬೆನ್ನನ್ನು. ಕಡಂಬಳದ ಬೆನ್ನುಮೂಳೆಯ ಉದ್ದಕ್ಕೂ ಒಂದು ಸಾಲು ಷಟ್ಕೋನದ ಹುರುಪೆಗಳಿವೆ, ಪಕ್ಕದವಕ್ಕಿಂತ ಎದ್ದು ಕಾಣುವಷ್ಟು ದೊಡ್ಡವು. ತೋಳಹಾವಿಗೆ ಆ ಸಾಲಿಲ್ಲ. ಇದನ್ನು ದೂರದಿಂದ ತೆಗೆದ ಫೋಟೊ ಹಿಗ್ಗಿಸಿ ನೋಡಬೇಕು, ಬಗ್ಗಿ ಅಲ್ಲ.

ಹುರುಪೆಯನ್ನು ನೆಚ್ಚುವ ನನ್ನಂಥವರು ಉರಗತಜ್ಞ ಕಾರ್ಲ್ ಶ್ಮಿಟ್ ಕಥೆಯನ್ನೂ ನೆನಪಿಟ್ಟುಕೊಳ್ಳಬೇಕು. 1957ರ ಸೆಪ್ಟೆಂಬರ್ 25ರಂದು ಷಿಕಾಗೋದ ಲಿಂಕನ್ ಪಾರ್ಕ್ ಮೃಗಾಲಯದಿಂದ ಫೀಲ್ಡ್ ಮ್ಯೂಸಿಯಮ್ಮಿಗೆ ಆಫ್ರಿಕದ ಎಳೆಯ ಹಾವೊಂದು ಗುರುತಿಸಲು ಬಂತು. ಶ್ಮಿಟ್ ಅವರಿಗಾಗ 67 ವರ್ಷ. ಹಾವಿನ ವಿಷಯದಲ್ಲಿ ಅಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ತಲೆಯ ಆಕಾರ, ಬಣ್ಣ, ಎಲ್ಲವೂ ಬೂಮ್‌ಸ್ಲಾಂಗ್ ಎನ್ನುತ್ತಿದ್ದವು. ಒಂದೇ ಒಂದು ತಕರಾರು: ಗುದದ ಮೇಲಿನ ಹುರುಪೆ ಸೀಳಿರಬೇಕಿತ್ತು, ಇದರಲ್ಲಿ ಇಡಿಯಾಗಿತ್ತು. ಅದನ್ನು ಪರೀಕ್ಷಿಸುವಾಗ ಶ್ಮಿಟ್ ಹಾವನ್ನು ಹಿಡಿದದ್ದು ತಲೆಯಿಂದ ತುಸು ಹಿಂದೆ. ಎಡಗೈ ಹೆಬ್ಬೆರಳಿಗೆ ಕಚ್ಚಿತು. ಹಿಂದವಡೆಯ ಒಂದು ವಿಷದ ಹಲ್ಲು ಮಾತ್ರ, ಅದೂ ಸುಮಾರು 3 ಮಿಲಿಮೀಟರ್ ಇಳಿದಿತ್ತು. ಬಾಯಿಯ ಹಿಂಭಾಗದಲ್ಲಿ ಹಲ್ಲಿರುವ ಹಾವುಗಳನ್ನು ಆಗ ಯಾರೂ ಅಷ್ಟಾಗಿ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಬೂಮ್‌ಸ್ಲಾಂಗ್ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಬರಿದು ಮಾಡುತ್ತದೆ, ಅದೂ ನಿಧಾನವಾಗಿ.

ಶ್ಮಿಟ್ ರೈಲಿನಲ್ಲಿ ಮನೆಗೆ ಹೋದರು. ವಾಕರಿಕೆ, ಚಳಿ, ವಸಡಿನಿಂದ ರಕ್ತ ಎಂದು ಸಮಯ ಹಾಕಿ ಬರೆಯುತ್ತಾ ಹೋದರು. ಮರುದಿನ ಬೆಳಗಿನ ತಿಂಡಿಯ ವಿವರವೂ ಆ ಟಿಪ್ಪಣಿಯಲ್ಲಿದೆ: ಮೊಟ್ಟೆ, ಟೋಸ್ಟ್, ಕಾಫಿ. ಮಧ್ಯಾಹ್ನ ತೀರಿಕೊಂಡರು.