ಕಾಣಿಕೆಯೋ, ಕ್ರಯವೋ?

ಓದುಗರಿಂದ ಕಿರುಕಾಣಿಕೆ ಪಡೆದು, ಪ್ರತಿಯಾಗಿ ಬರಹದ ಅಂಚಿನಲ್ಲಿ ಅವರ ವ್ಯಾಪಾರದ ಕಿರುಜಾಹೀರಾತನ್ನು ಇರಿಸುವ ಪದ್ಧತಿಯೊಂದಿದೆ. ಬರಹಗಾರನು ಜೀವನೋಪಾಯಕ್ಕಾಗಿ ಗಳಿಸುವುದು ದೋಷವಲ್ಲ. ಜಾಹೀರಾತಿನ ಕ್ರಯವನ್ನು ದಾನವೆಂದು ಕರೆಯುವುದೇ ದೋಷ.

ಅನುಗ್ರಹಕ್ಕಾಗಿ ತನ್ನದನ್ನು ತ್ಯಜಿಸುವುದೇ ದಾನವೆಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳುತ್ತದೆ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಲ್ಲಿ ಎರಡು ಇಲ್ಲಿ ಚುಚ್ಚುತ್ತವೆ: ಕೊಡುವವನಲ್ಲಿ ಫಲಾಪೇಕ್ಷೆಯ ನಿದಾನ, ಮರೆಮಾಚುವ ಬರಹಗಾರನಲ್ಲಿ ಮಾಯೆ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ್ದು ಯಾವ ಸರಕಿನ ಪ್ರಚಾರಕ್ಕೂ ಅಲ್ಲ.

ಪಡೆದದ್ದು ಕ್ರಯವಾದರೆ ‘ಜಾಹೀರಾತು’ ಎಂದೇ ಅಚ್ಚಾಗಲಿ. ಸತ್ಯಾಣುವ್ರತವು ಬಯಸುವುದು ಇಷ್ಟನ್ನೇ. ಕಾಣಿಕೆಯಾದರೆ ಪ್ರತಿಫಲವಿಲ್ಲದೆ ಸ್ವೀಕೃತವಾಗಲಿ. ಶಾಸ್ತ್ರದಾನದ ಹೆಸರಿನಲ್ಲಿ ಅಂಗಡಿಯ ವಿಳಾಸ ಮುದ್ರಿಸುವ ಬಸದಿಗಳ ಸ್ಮರಣಸಂಚಿಕೆಗಳಿಗೂ ಇದೇ ಅಳತೆ ಸಲ್ಲುತ್ತದೆ.