ಕೂಗಿಗೆ ಓಗೊಡುವ ಗೋಪಾಲ

ಬಾಲಕರ ಓದಿಗೂ ಅಭ್ಯಾಸಕ್ಕೂ ಅಭಿನಯಕ್ಕೂ ಸಮಾನವಾಗಿ ಒದಗುವ ನಾಟಕಗಳನ್ನು ನೆನೆವಾಗಲೆಲ್ಲ, ಕುವೆಂಪು ಅವರ 1930ರ ‘ನನ್ನ ಗೋಪಾಲ’ವೇ ನನ್ನ ಮನಸ್ಸಿಗೆ ಮೊದಲು ಬರುತ್ತದೆ. ಕಾಡುದಾರಿಯಲ್ಲಿ ಒಬ್ಬನೇ ಪಾಠಶಾಲೆಗೆ ಹೋಗಲಂಜುವ ಮಗನಿಗೆ, ಭಯವಾದಾಗ ಗೋಪಾಲನನ್ನು ಕರೆಯೆಂದು ಬಡತಾಯಿ ಹೇಳುತ್ತಾಳೆ, ಮಗು ನಂಬಿ ಕರೆಯುತ್ತದೆ, ಅವನು ಬರುತ್ತಾನೆ. ವಸ್ತು ಇಷ್ಟೇ. ಆದರೆ ಆ ಕೂಗಿಗೂ ಓಗೊಡುವಿಕೆಗೂ ನಡುವಣ ಕ್ಷಣಮಾತ್ರದ ಮೌನವನ್ನು ಯಾವ ಉಪಾಧ್ಯಾಯನೂ ವಿವರಿಸಿ ತಿಳಿಸಲಾರನು. ಪಾತ್ರಧಾರಿಯಾದ ಬಾಲಕನು ರಂಗದ ಮೇಲೆ ಉಸಿರು ಬಿಗಿಹಿಡಿದು ನಿಂತು, ಸ್ವತಃ ಅನುಭವಿಸಿಯೇ ಅರಿಯಬೇಕು. ಸಜ್ಜಿಕೆಯ ವೆಚ್ಚವೂ ಇಲ್ಲ: ಬೇವಿನ ನಾಲ್ಕು ರೆಂಬೆಗಳೇ ಅರಣ್ಯ, ಒಂದು ಕೊಳಲೇ ದೇವರು.

ಕನ್ನಡ, ಮರಾಠಿ, ಉರ್ದುಗಳು ಕೂಡಿ ಬಾಳುವ, ಬೀದರ ಜಿಲ್ಲೆಯ ಹಲಬರ್ಗಾದ ಸೀಮೆಯಲ್ಲಿ ಇಂಥ ನಾಟಕಕ್ಕೆ ಬೇರೆಯೇ ಬೆಲೆಯುಂಟು. ನಿಜಾಮರ ಆಳ್ವಿಕೆಯಲ್ಲಿ, ಸಮೀಪದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರೆಂಬುದನ್ನು ಬಲ್ಲವರಿಗೆ, ಅದೇ ನೆಲದಲ್ಲಿ ಮಗುವೊಂದು ತುಂಬಿದ ಸಭೆಯೆದುರು ಕಂಠಬಿಚ್ಚಿ ಕನ್ನಡ ನುಡಿಯುವುದು ಸಾಮಾನ್ಯ ಸಂಗತಿಯೆನಿಸದು. ಮನೆಯಲ್ಲಿ ಬೇರೆ ಮಾತಾಡುವ ಮಗುವೂ, ಗೋಪಾಲನನ್ನು ಕರೆವ ಆ ಆರ್ತಕ್ಷಣದಲ್ಲಿ ವಿಭಕ್ತಿ ಪ್ರತ್ಯಯಗಳ ಅಂಜಿಕೆಯನ್ನು ತೊರೆದು, ಕನ್ನಡವನ್ನು ಬಾಯ್ತುಂಬ ಆಡುತ್ತದೆ.