ಬ್ಯಾಕ್‌ಸ್ಪಿನ್ ಸವಿಯುವ ಬಗೆ: ಗಾಲ್ಫ್ ರಸಿಕರಿಗೊಂದು ಕೈಪಿಡಿ

ಗಾಲ್ಫ್‌ನಲ್ಲಿ ಚೆನ್ನಾಗಿ ಹೊಡೆದ ಚೆಂಡು ಗಾಳಿಯಲ್ಲಿ ಮುಂದಕ್ಕೆ ಸಾಗುತ್ತಲೇ ಹಿಮ್ಮುಖವಾಗಿ ಸುತ್ತುತ್ತಿರುತ್ತದೆ. ಇದೇ ಬ್ಯಾಕ್‌ಸ್ಪಿನ್. ವೃತ್ತಿಪರರ ಡ್ರೈವರ್ ಹೊಡೆತದಲ್ಲಿ ಅದು ನಿಮಿಷಕ್ಕೆ ಸುಮಾರು 2,500 ಸುತ್ತು. ಪೂರ್ಣ ವೆಡ್ಜ್ ಹೊಡೆತದಲ್ಲಿ 9,000ದ ಆಸುಪಾಸು. ಗ್ರೀನ್ ಮೇಲೆ ಬಿದ್ದ ಚೆಂಡು ಹಿಂದಕ್ಕೆ ಉರುಳಿ ಬಂದರೆ ಪ್ರೇಕ್ಷಕರು ಕೇಕೆ ಹಾಕುತ್ತಾರೆ. ಆದರೆ ಹೊಡೆತದ ಬೆಲೆ ಇರುವುದು ಚೆಂಡು ಎಷ್ಟು ಹಿಂದೆ ಬಂತು ಎಂಬುದರಲ್ಲಲ್ಲ, ಎಲ್ಲಿ ನಿಂತಿತು ಎಂಬುದರಲ್ಲಿ.

ಮೊದಲು ಗಮನಿಸಬೇಕಾದ್ದು ಚೆಂಡು ಕೂತ ಜಾಗ. ಫೇರ್‌ವೇಯ ಗಿಡ್ಡ ಹುಲ್ಲಿನ ಮೇಲಿದ್ದರೆ ಕ್ಲಬ್ಬಿನ ಮುಖ ಚೆಂಡಿಗೆ ನೇರವಾಗಿ ತಾಕಿ ಉಜ್ಜುತ್ತದೆ. ಉದ್ದ ಹುಲ್ಲಿನ ರಫ್‌ನಲ್ಲಿ ಎರಡರ ನಡುವೆ ಹುಲ್ಲು ಸಿಕ್ಕಿಕೊಂಡು ಹಿಡಿತ ತಪ್ಪುತ್ತದೆ. ಚೆಂಡು ಬಿದ್ದ ಮೇಲೂ ಓಡುತ್ತದೆ. ಕ್ಲಬ್ಬಿನ ಮುಖದ ಗೀರುಗಳು ಹುಲ್ಲನ್ನೂ ನೀರನ್ನೂ ಪಕ್ಕಕ್ಕೆ ಸರಿಸುತ್ತವೆ. ಅವುಗಳ ಅಂಚಿನ ಹರಿತಕ್ಕೂ ಅಳತೆಗೂ 2010ರಲ್ಲಿ ವೃತ್ತಿಪರರ ಮಟ್ಟದಲ್ಲಿ ಮಿತಿ ಬಂದಮೇಲೆ ಫೇರ್‌ವೇಯಲ್ಲಿ ಉಳಿಯುವುದಕ್ಕೆ ಇನ್ನಷ್ಟು ಬೆಲೆ ಬಂತು.

ಎರಡನೆಯದು ಹೊಡೆತ. ಚೆಂಡನ್ನು ಅಡಿಯಿಂದ ಎತ್ತಿದರೆ ಸ್ಪಿನ್ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕ್ಲಬ್ ಕೆಳಮುಖವಾಗಿ ಬಂದು ಮೊದಲು ಚೆಂಡನ್ನು, ಆಮೇಲೆ ನೆಲವನ್ನು ತಾಕಬೇಕು. ಹಾಗೆ ತಾಕಿದಾಗ ಕಿತ್ತ ಹುಲ್ಲಿನ ಗುರುತು, ಅಂದರೆ ಡಿವಟ್, ಚೆಂಡಿದ್ದ ಜಾಗದ ಮುಂದೆ ಕಾಣುತ್ತದೆ. ವೇಗವೂ ಬೇಕು, ಯೂರಿಥೇನ್ ಹೊದಿಕೆಯ ಮೆತ್ತನೆಯ ಚೆಂಡೂ ಬೇಕು. ಗಟ್ಟಿ ಹೊದಿಕೆಯ ಅಗ್ಗದ ಚೆಂಡು ಅಷ್ಟು ಸುತ್ತುವುದಿಲ್ಲ.

ಮೂರನೆಯದು ಹಾರಾಟ. ಹಿಮ್ಮುಖ ಸುತ್ತು ಚೆಂಡನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತದೆ ಎಂಬುದನ್ನು ಸ್ಕಾಟ್ಲೆಂಡಿನ ಭೌತವಿಜ್ಞಾನಿ ಪೀಟರ್ ಗತ್ರಿ ಟೇಟ್ 1890ರ ದಶಕದಲ್ಲೇ ವಿವರಿಸಿದ್ದರು. ನುರಿತವರ ವೆಡ್ಜ್ ಹೊಡೆತ ಎಣಿಸಿದ್ದಕ್ಕಿಂತ ತಗ್ಗಿನಲ್ಲೇ ಹಾರುವುದುಂಟು. ಓಡಿಹೋಗುತ್ತದೆ ಅನ್ನಿಸುವ ಆ ಚೆಂಡು ಒಮ್ಮೆ ಮುಂದಕ್ಕೆ ಪುಟಿದು, ಎರಡನೆಯ ಪುಟಿತಕ್ಕೆ ಗಕ್ಕನೆ ನಿಲ್ಲುತ್ತದೆ.

ಕೊನೆಯದು ಗ್ರೀನ್. ಮೆತ್ತಗಿದ್ದು ಆಟಗಾರನ ಕಡೆಗೆ ಇಳಿಜಾರಿದ್ದರೆ ಚೆಂಡು ಸುಲಭವಾಗಿ ಹಿಂದೆ ಬರುತ್ತದೆ. ಅದರಲ್ಲಿ ನೆಲದ ಪಾಲೂ ಇದೆ. ಸೇಂಟ್ ಆಂಡ್ರೂಸ್‌ನಂಥ ಕಡಲತಡಿಯ ಗಟ್ಟಿ ನೆಲದಲ್ಲಿ ಚೆಂಡನ್ನು ಮೊದಲೇ ಬೀಳಿಸಿ ಉರುಳಿಸಿಕೊಂಡು ಹೋಗುವುದೇ ಎಷ್ಟೋ ಸಲ ಜಾಣತನ.

ಸ್ಪಿನ್ ಮುಳುವಾಗುವುದೂ ಉಂಟು. 1996ರ ಮಾಸ್ಟರ್ಸ್ ಕೊನೆಯ ದಿನವನ್ನು ಗ್ರೆಗ್ ನಾರ್ಮನ್ ಆರು ಹೊಡೆತಗಳ ಮುನ್ನಡೆಯಲ್ಲಿ ಆರಂಭಿಸಿದ್ದರು. ಆ ಟೂರ್ನಿ ನಡೆಯುವ ಆಗಸ್ಟಾದ ಒಂಬತ್ತನೆಯ ಗ್ರೀನ್ ಆಟಗಾರನ ಕಡೆಗೆ ಕಡಿದಾಗಿ ಇಳಿಯುತ್ತದೆ. ಅವರ ವೆಡ್ಜ್ ಹೊಡೆತ ತುಸು ಗಿಡ್ಡವಾಗಿ ಬಿದ್ದು, ಹಿಂದಕ್ಕೆ ಸುತ್ತಿ, ಗ್ರೀನ್ ಬಿಟ್ಟು ಇಳಿಜಾರಿನಲ್ಲಿ ಕೆಳಗುರುಳಿತು. ಅಲ್ಲಿ ಒಂದು ಹೊಡೆತ ಹೋಯಿತು; ದಿನದ ಕೊನೆಗೆ ನಿಕ್ ಫಾಲ್ಡೊ ಐದು ಹೊಡೆತಗಳಿಂದ ಗೆದ್ದರು.

ಆದ್ದರಿಂದಲೇ ಬಾವುಟ ಗ್ರೀನ್‌ನ ಹಿಂಭಾಗದಲ್ಲಿದ್ದಾಗ ಅನುಭವಿಗಳು ಒಂದು ಮೆಟ್ಟಿಲು ದೊಡ್ಡ ಕ್ಲಬ್ ತೆಗೆದು ಮೆಲ್ಲಗೆ ಬೀಸಿ ಸ್ಪಿನ್ ತಗ್ಗಿಸುತ್ತಾರೆ. ಹಿಂದಕ್ಕೆ ಬಾರದ ಆ ಚೆಂಡಿಗೂ ಚಪ್ಪಾಳೆ ತಟ್ಟಬಲ್ಲವರು ಬ್ಯಾಕ್‌ಸ್ಪಿನ್ನಿನ ಮರ್ಮ ಬಲ್ಲವರು.